ಷರತ್ತಿಲ್ಲದೆ ಕೊಟ್ಟ ಕಿರೀಟ: ಜನರಲ್ ಜಾರ್ಜ್ ಮಂಕ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಜನರಲ್ ಮಂಕ್ ಅವರೇ,

ನಿಮಗೆ ಪತ್ರ ಬರೆದವರಲ್ಲಿ ನಾನು ಮೊದಲಿಗನಲ್ಲ. 1660ರ ಆರಂಭದಲ್ಲಿ ಲಂಡನ್ನಿನ ಹಣೆಬರಹವೆಲ್ಲ ನಿಮ್ಮ ಕೈಯಲ್ಲಿದ್ದಾಗ, ಎರಡೂ ಕಣ್ಣು ಕಳೆದುಕೊಂಡಿದ್ದ ಕವಿ ಜಾನ್ ಮಿಲ್ಟನ್ ನಿಮಗೊಂದು ಪತ್ರ ಬರೆಸಿದರು. ದೊರೆ ಬೇಡ, ಗಣರಾಜ್ಯವನ್ನೇ ಉಳಿಸಿಕೊಳ್ಳಬಹುದು, ಅದಕ್ಕೆ ದಾರಿ ಹೀಗಿದೆ ಎಂದು ಅದರಲ್ಲಿ ವಿವರಿಸಿದ್ದರು. ಆ ಪತ್ರ ಅಚ್ಚಾಗಿದ್ದು 1698ರಲ್ಲಿ. ಅಷ್ಟು ಹೊತ್ತಿಗೆ ನೀವೂ ಇರಲಿಲ್ಲ, ಮಿಲ್ಟನ್ನರೂ ಇರಲಿಲ್ಲ. ಅವರ ವಾದವನ್ನು ಮತ್ತೆ ಎತ್ತಲು ನಾನು ಬಂದಿಲ್ಲ. ದೊರೆಯನ್ನು ಯಾಕೆ ಕರೆಸಿದಿರಿ ಎಂದು ಕೇಳುವುದೂ ಇಲ್ಲ. ಕರೆಸುವ ಮುಂಚೆ ಒಂದು ಕರಾರು ಪತ್ರ ಬರೆಸಿಕೊಳ್ಳೋಣ ಎಂದವರನ್ನು ಯಾಕೆ ತಡೆದಿರಿ? ನನ್ನ ಪ್ರಶ್ನೆ ಅಷ್ಟೇ.

ಎರಡನೇ ಚಾರ್ಲ್ಸ್ ಅವರನ್ನೇ ಕೇಳಬಹುದಲ್ಲ ಎಂದು ಯಾರಾದರೂ ಅಂದಾರು. ಇಸಿದುಕೊಂಡವರಿಗಿಂತ ಮೊದಲು ಕೊಟ್ಟವರನ್ನು ಕೇಳುವುದು ನ್ಯಾಯ. ಆ ಚಳಿಗಾಲದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಒಡೆಯದೆ, ನಾಯಕನ ಮಾತು ಕೇಳುತ್ತ ಉಳಿದಿದ್ದ ಸೇನೆ ನಿಮ್ಮದೊಂದೇ. ನೀವು ಹೂಂ ಅಂದಿದ್ದರೆ ಆಗುತ್ತಿತ್ತು, ಊಹೂಂ ಅಂದಿದ್ದರೆ ನಿಲ್ಲುತ್ತಿತ್ತು. ಅಂಥ ಅಧಿಕಾರ ಆ ದೇಶದಲ್ಲಿ ಒಬ್ಬನೇ ಮನುಷ್ಯನ ಕೈಗೆ ಬಂದ ಸಂದರ್ಭಗಳು ಹೆಚ್ಚಿಲ್ಲ.

ನೀವು ಮಾಡಿದ ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದು ನಿಜವಾಗಿಯೂ ದೊಡ್ಡದು. 1649ರ ಜನವರಿ 30ರಂದು ಮೊದಲನೇ ಚಾರ್ಲ್ಸ್ ಅವರ ತಲೆ ಕಡಿದ ಮೇಲೆ ಇಂಗ್ಲೆಂಡ್ ದೊರೆಯಿಲ್ಲದೆ ಹನ್ನೊಂದು ವರ್ಷ ನಡೆಯಿತು. ಆಲಿವರ್ ಕ್ರಾಮ್‌ವೆಲ್ ಬದುಕಿರುವ ತನಕ ಅವರ ಕೈಬಲದಿಂದ ನಡೆಯಿತು. 1658ರ ಸೆಪ್ಟೆಂಬರ್ 3ರಂದು ಅವರು ತೀರಿಕೊಂಡರು. ಮಗ ರಿಚರ್ಡ್ ಒಂದು ವರ್ಷವೂ ತಾಳಲಿಲ್ಲ. 1659ರ ಮೇ ತಿಂಗಳಲ್ಲಿ ಸೇನಾಧಿಕಾರಿಗಳು ಹಳೆಯ ಸಂಸತ್ತಿನ ಅಳಿದುಳಿದವರನ್ನು ಕರೆದು ಕೂರಿಸಿದರು, ಅಕ್ಟೋಬರ್‌ನಲ್ಲಿ ಜನರಲ್ ಲ್ಯಾಂಬರ್ಟ್ ಅವರ ಸೈನಿಕರು ಅದೇ ಸಂಸತ್ತಿನ ಬಾಗಿಲಿಗೆ ಅಡ್ಡ ನಿಂತರು, ಡಿಸೆಂಬರ್ ಕೊನೆಗೆ ಅದೇ ಸಂಸತ್ತು ಮತ್ತೆ ಬಂದು ಕೂತಿತು. ಒಂದೇ ವರ್ಷದಲ್ಲಿ ಮೂರು ಸಲ ಸರ್ಕಾರ ಬದಲಾದ ದೇಶದಲ್ಲಿ ಅಂಗಡಿಯವನು ಸಾಲ ಕೊಡಲು ಹೆದರುತ್ತಾನೆ, ತೆರಿಗೆ ಕಟ್ಟುವವನು ಯಾರಿಗೆ ಕಟ್ಟಲಿ ಎಂದು ಕೇಳುತ್ತಾನೆ. ಜನ ಬೇಸತ್ತಿದ್ದರು. ಅವರ ಬೇಸರಕ್ಕೆ ಕಾರಣ ಗಣರಾಜ್ಯದ ತತ್ವಕ್ಕಿಂತ ಹೆಚ್ಚಾಗಿ ಬಂದೂಕು ಹಿಡಿದವರ ಮನಸೋಇಚ್ಛೆ ಎಂದು ನಾನು ನಂಬುತ್ತೇನೆ.

1660ರ ಜನವರಿಯ ಮೊದಲ ದಿನಗಳಲ್ಲಿ ನೀವು ಕೋಲ್ಡ್‌ಸ್ಟ್ರೀಮ್ ಎಂಬ ಸಣ್ಣ ಊರಿನ ಬಳಿ ಟ್ವೀಡ್ ನದಿ ದಾಟಿ ದಕ್ಷಿಣಕ್ಕೆ ಹೊರಟಿರಿ. ಆರೇಳು ಸಾವಿರ ಸೈನಿಕರ ಜೊತೆ ಸುಮಾರು ಐದು ವಾರ ನಡೆದು ಫೆಬ್ರವರಿ 3ರಂದು ಲಂಡನ್ ತಲುಪಿದಿರಿ. ದಾರಿಯುದ್ದಕ್ಕೂ ಊರೂರಿನವರು ಅರ್ಜಿ ಹಿಡಿದು ಬಂದು ಮುಕ್ತ ಸಂಸತ್ತು ಕೊಡಿಸಿ ಎಂದು ಬೇಡಿಕೊಂಡರು. ನೀವು ಯಾರಿಗೂ ಮನಸ್ಸು ಬಿಟ್ಟುಕೊಡಲಿಲ್ಲ. ಫೆಬ್ರವರಿ 9ರಂದು ಸಂಸತ್ತು ಹೇಳಿತೆಂದು ಲಂಡನ್ ನಗರದ ಬಾಗಿಲುಗಳನ್ನು ಕೀಳಿಸಲು ಹೊರಟಿರಿ, ಬೀದಿಗೆ ಅಡ್ಡ ಹಾಕಿದ್ದ ಸರಪಳಿಗಳನ್ನು ತೆಗೆಸಿದಿರಿ. ಎರಡೇ ದಿನ ಕಳೆದು, 11ನೇ ತಾರೀಕು, ಅದೇ ಸಂಸತ್ತಿಗೆ ಖಾಲಿ ಸ್ಥಾನಗಳನ್ನು ತುಂಬಿ ಎಂದು ಖಡಾಖಂಡಿತವಾಗಿ ಬರೆದು ನಗರದ ಪರ ನಿಂತಿರಿ. ಆ ರಾತ್ರಿ ಸ್ಯಾಮ್ಯುಯೆಲ್ ಪೆಪಿಸ್ ಎಂಬ ಯುವ ಗುಮಾಸ್ತ ಬೀದಿ ಸುತ್ತಲು ಹೊರಟವರು, ಸ್ಟ್ರ್ಯಾಂಡ್ ಸೇತುವೆಯ ಬಳಿ ನಿಂತು ಒಂದೇ ನೋಟಕ್ಕೆ 31 ಬೆಂಕಿಗಳನ್ನು ಎಣಿಸಿದರು. ಕಟುಕರು ತಮ್ಮ ಕತ್ತಿಗಳನ್ನು ಒಂದಕ್ಕೊಂದು ತಾಡಿಸಿ ಗಂಟೆಯ ಹಾಗೆ ನಾದ ಹೊರಡಿಸುತ್ತಿದ್ದರಂತೆ. ಜನ ಪ್ರಾಣಿಯ ಹಿಂಭಾಗದ ಮಾಂಸವನ್ನು ಬೀದಿಯಲ್ಲೇ ಸುಡುತ್ತಿದ್ದರು. ಅಳಿದುಳಿದ ಆ ಸಂಸತ್ತಿಗೆ ಅವರಿಟ್ಟಿದ್ದ ಅಡ್ಡಹೆಸರೇ ಅದು. ಆ ಸಂತೋಷವನ್ನು ಯಾರೂ ದುಡ್ಡು ಕೊಟ್ಟು ಮಾಡಿಸಿರಲಿಲ್ಲ.

ಮುಂದಿನದು ಬೇಗ ಬೇಗ ಆಯಿತು. 1648ರಲ್ಲಿ ಸೇನೆ ಹೊರಹಾಕಿದ್ದ ಸದಸ್ಯರನ್ನು ಫೆಬ್ರವರಿ 21ರಂದು ಒಳಗೆ ಬಿಟ್ಟಿರಿ, ಮಾರ್ಚ್ 16ರಂದು ಆ ಸಂಸತ್ತು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು, ಏಪ್ರಿಲ್ 25ರಂದು ಹೊಸದು ಸೇರಿತು. ಒಂದು ದೊಡ್ಡ ಯುದ್ಧವಾಗದೆ ಇಷ್ಟೆಲ್ಲ ನಡೆಯಿತು. ಎರಡು ದಶಕ ಅಂತರ್ಯುದ್ಧ, ದಂಡಯಾತ್ರೆ, ದಂಗೆಗಳಲ್ಲಿ ಬೆಂದ ನಾಡಿನಲ್ಲಿ ರಕ್ತ ಹರಿಸದೆ ಅಧಿಕಾರ ಕೈ ಬದಲಾಯಿಸಿದ ಕೀರ್ತಿ ನಿಮ್ಮದು. ಅದನ್ನು ನಿಮ್ಮಿಂದ ಯಾರೂ ಕಸಿಯಲಾಗದು.

ಇನ್ನು ನನ್ನ ದೂರು. ಮಾರ್ಚ್ ತಿಂಗಳಲ್ಲಿ ನೀವು ಹೊರದೇಶದಲ್ಲಿದ್ದ ದೊರೆಯ ದೂತ ಸರ್ ಜಾನ್ ಗ್ರೆನ್‌ವಿಲ್ ಅವರನ್ನು ಗುಟ್ಟಾಗಿ ಕಂಡಿರಿ. ನಿಮ್ಮ ಸಲಹೆಗಳನ್ನು ಬರೆದುಕೊಡಲಿಲ್ಲ, ಬಾಯಿಪಾಠ ಮಾಡಿಸಿ ಕಳಿಸಿದಿರಿ. ದೊರೆ ಸ್ಪೇನಿನವರ ನೆಲ ಬಿಟ್ಟು ಡಚ್ಚರ ನೆಲಕ್ಕೆ ಹೋಗಲಿ, ಎಲ್ಲರಿಗೂ ಕ್ಷಮೆ ಸಾರಲಿ, ಧರ್ಮದ ವಿಷಯದಲ್ಲಿ ಯಾರನ್ನೂ ಕಾಡದಿರಲಿ, ಕೈಬದಲಾದ ಜಮೀನಿನ ಮಾರಾಟಗಳನ್ನು ಒಪ್ಪಲಿ, ಸೈನಿಕರ ಸಂಬಳದ ಬಾಕಿ ತೀರಿಸಲಿ. ಇದು ಒಳ್ಳೆಯ ಸಲಹೆ. ಇಂಗ್ಲೆಂಡಿನ ಗಾಯಗಳು ಎಲ್ಲೆಲ್ಲಿವೆ ಎಂದು ನಿಮಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ.

ಏಪ್ರಿಲ್ 4ರ ತಾರೀಕಿನಲ್ಲಿ ಬ್ರೆಡಾ ಎಂಬ ಡಚ್ ಊರಿನಿಂದ ದೊರೆಯ ಘೋಷಣೆ ಹೊರಟಿತು. ನೀವು ಹೇಳಿಕಳಿಸಿದ ವಿಷಯಗಳೆಲ್ಲ ಅದರಲ್ಲಿದ್ದವು. ಆದರೆ ಒಂದೊಂದನ್ನೂ ಹತ್ತಿರದಿಂದ ಓದಿ ನೋಡಿ. ಎಲ್ಲರಿಗೂ ಕ್ಷಮೆ ಉಂಟು, ಮುಂದೆ ಸಂಸತ್ತು ಹೆಸರಿಸುವವರನ್ನು ಬಿಟ್ಟು. ಮನಸ್ಸಾಕ್ಷಿಗೆ ಸ್ವಾತಂತ್ರ್ಯ ಉಂಟು, ಸಂಸತ್ತು ಅಂಥ ಕಾಯ್ದೆ ತಂದರೆ ಒಪ್ಪಿಗೆ ಹಾಕಲು ದೊರೆ ಸಿದ್ಧ. ಜಮೀನಿನ ತಂಟೆ ತಕರಾರು ಸಂಸತ್ತಿನಲ್ಲಿ ಇತ್ಯರ್ಥವಾಗಲಿ. ಸೈನಿಕರ ಬಾಕಿಗೂ ಸಂಸತ್ತಿನ ಕಾಯ್ದೆ ಬರಲಿ, ದೊರೆ ಸಹಿ ಹಾಕುತ್ತಾರೆ. ದೊರೆ ಸಂಸತ್ತಿಗೆ ತಲೆಬಾಗುವ ಹಾಗೆ ಕಾಣುತ್ತದೆ, ಸಂಸತ್ತಿನವರು ಸಂತೋಷಪಟ್ಟರು. ಆದರೆ ದೊರೆಯ ಮೇಲೆ ಬೀಳುವ ಕಟ್ಟುಪಾಡು ಅದರಲ್ಲಿ ಎಲ್ಲೂ ಇಲ್ಲ. ನಾಳೆ ಮಾತು ಮುರಿದುಬಿದ್ದರೆ ಮುರಿದವರು ಸಂಸತ್ತಿನವರು, ದೊರೆಯಲ್ಲ. ಹಾಗೆ ಬರೆದವರು ಮುಂದೆ ಕ್ಲಾರೆಂಡನ್ ಪ್ರಭುವಾದ ಎಡ್ವರ್ಡ್ ಹೈಡ್. ಕಾನೂನು ಅರೆದು ಕುಡಿದವರು. ಸೈನಿಕರಾದ ನಿಮಗೆ ಅದು ಹೊಳೆಯಲಿಲ್ಲ ಎನ್ನೋಣ. ಒಬ್ಬ ನ್ಯಾಯಾಧೀಶರಿಗೆ ಹೊಳೆದಿತ್ತಲ್ಲ?

ಅವರು ಮ್ಯಾಥ್ಯೂ ಹೇಲ್. ಕ್ರಾಮ್‌ವೆಲ್ ಕಾಲದಲ್ಲೂ ನ್ಯಾಯಪೀಠದಲ್ಲಿ ಕೂತವರು, ಮುಂದೆ ಚಾರ್ಲ್ಸ್ ಕಾಲದಲ್ಲಿ ಮುಖ್ಯ ನ್ಯಾಯಮೂರ್ತಿಯಾದವರು, ಎರಡೂ ಕಡೆಯವರು ಪ್ರಾಮಾಣಿಕ ಎಂದು ಒಪ್ಪಿದ ಮನುಷ್ಯ. ಬಿಷಪ್ ಬರ್ನೆಟ್ ತಮ್ಮ ಇತಿಹಾಸದಲ್ಲಿ ಬರೆದಿರುವಂತೆ, ಹೊಸ ಸಂಸತ್ತಿನಲ್ಲಿ ಹೇಲ್ ಎದ್ದು ಒಂದು ಸಣ್ಣ ಸೂಚನೆ ಇಟ್ಟರು. 1648ರಲ್ಲಿ ನ್ಯೂಪೋರ್ಟ್‌ನಲ್ಲಿ ಸಂಧಾನ ನಡೆದಾಗ ಹಿಂದಿನ ದೊರೆಯ ಮುಂದೆ ಇಟ್ಟಿದ್ದ ಷರತ್ತುಗಳು, ಅವರು ಒಪ್ಪಿಕೊಂಡ ಅಂಶಗಳು ಕಡತದಲ್ಲಿವೆ. ಒಂದು ಸಮಿತಿ ಮಾಡಿ ಅವನ್ನು ನೋಡಿ, ಈಗಿನ ದೊರೆಗೆ ಕಳಿಸತಕ್ಕ ಕರಾರುಗಳನ್ನು ಬರೆಯೋಣ. ಹೊಸದಾಗಿ ಏನನ್ನೂ ಹುಟ್ಟಿಸಬೇಕಾಗಿರಲಿಲ್ಲ. ಸೇನೆಯ ಅಧಿಕಾರ ಇಪ್ಪತ್ತು ವರ್ಷ ಸಂಸತ್ತಿನ ಕೈಯಲ್ಲಿರಲಿ ಎಂಬುದಕ್ಕೂ ಮೊದಲನೇ ಚಾರ್ಲ್ಸ್ ಅಂದು ತಲೆಯಾಡಿಸಿದ್ದರು.

ನೀವು ಎದ್ದು ಬೇಡ ಅಂದಿರಿ. ದೇಶ ಈಗ ಶಾಂತವಾಗಿದೆ, ತಡಮಾಡಿದರೆ ಸೇನೆಯಲ್ಲಿ ಏನು ಹೊತ್ತಿಕೊಳ್ಳುತ್ತದೋ ನಾನು ಹೊಣೆಯಲ್ಲ, ಏನಾದರೂ ರಕ್ತ ಹರಿದರೆ ಈ ಸೂಚನೆ ತಂದವರ ತಲೆಗೆ ಬರಲಿ ಎಂಬ ಅರ್ಥದ ಮಾತಾಡಿದಿರಿ. ದೊರೆ ಸೈನ್ಯ ತರುವುದಿಲ್ಲ, ಬೊಕ್ಕಸ ತರುವುದಿಲ್ಲ, ಬಂದ ಮೇಲೂ ಕರಾರು ಮಾಡಿಕೊಳ್ಳಬಹುದು ಎಂದಿರಿ. ಸಭೆ ಕೂಗಿ ನಿಮ್ಮ ಮಾತನ್ನು ಒಪ್ಪಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನಮ್ಮಲ್ಲಿ ಒಂದು ಗಾದೆಯಿದೆ. ಕರಾರು ಎಂಬುದು ಕೊಡುವ ಮುಂಚೆ ಮಾಡಿಕೊಳ್ಳುವಂಥದ್ದು. ಕೋಟೆ ಕೊತ್ತಲಗಳನ್ನು ಶರಣಾಗಿಸಿಕೊಂಡು ಬದುಕಿದ್ದ ನಿಮಗೆ, ಕೋಟೆಯ ಬೀಗದ ಕೈ ಕೊಡುವ ಮುಂಚೆ ಶರಣಾಗತಿಯ ಷರತ್ತು ಬರೆಸಿಕೊಳ್ಳುತ್ತಾರೆ ಎಂದು ಯಾರೂ ಕಲಿಸಬೇಕಾಗಿರಲಿಲ್ಲ.

ಮೇ 8ರಂದು ಚಾರ್ಲ್ಸ್ ದೊರೆ ಎಂದು ಸಾರಿದರು. ಸಂಸತ್ತು 50,000 ಪೌಂಡ್ ಕಾಣಿಕೆ ಕಳಿಸಿತು. ಅವರನ್ನು ಕರೆತರಲು ಹೋದ ಹಡಗಿನ ಹೆಸರು ‘ನೇಸ್‌ಬಿ’, ಅವರ ತಂದೆ ಸೋತ ಯುದ್ಧದ ಹೆಸರು; ಹತ್ತುವ ಹೊತ್ತಿಗೆ ಅದನ್ನು ‘ರಾಯಲ್ ಚಾರ್ಲ್ಸ್’ ಎಂದು ಬದಲಿಸಿದರು. ಮೇ 25ರಂದು ಡೋವರ್ ದಂಡೆಯಲ್ಲಿ ನೀವು ಮಂಡಿಯೂರಿದಿರಿ, ದೊರೆ ನಿಮ್ಮನ್ನು ಎತ್ತಿ ತಂದೆಯೇ ಎಂದು ಕರೆದರೆಂದು ಅಂದಿನ ಬರಹಗಳು ಹೇಳುತ್ತವೆ. ಮೇ 29ರಂದು, ತಮ್ಮ ಮೂವತ್ತನೇ ಹುಟ್ಟುಹಬ್ಬದಂದು, ಅವರು ಲಂಡನ್ ಹೊಕ್ಕರು. ಮೆರವಣಿಗೆ ನಗರ ಹಾದುಹೋಗಲು ಏಳು ಗಂಟೆ ಹಿಡಿಯಿತು ಎಂದು ಜಾನ್ ಈವ್‌ಲಿನ್ ದಿನಚರಿಯಲ್ಲಿದೆ. ಜುಲೈನಲ್ಲಿ ನೀವು ಆಲ್ಬಮಾರ್ಲ್‌ನ ಡ್ಯೂಕ್ ಆದಿರಿ.

ನೀವು ಪಕ್ಷ ಬದಲಿಸಿದವರು ಎಂದು ಹಂಗಿಸುವವರ ಜೊತೆ ನಾನಿಲ್ಲ. ಅಂತರ್ಯುದ್ಧದಲ್ಲಿ ದೊರೆಯ ಕಡೆ ಹೋರಾಡಿ, 1644ರ ಜನವರಿಯಲ್ಲಿ ನಾಂಟ್‌ವಿಚ್‌ನಲ್ಲಿ ಸೆರೆಸಿಕ್ಕಿ, ಎರಡು ವರ್ಷಕ್ಕೂ ಮಿಕ್ಕಿ ಲಂಡನ್ ಗೋಪುರದ ಜೈಲಿನಲ್ಲಿ ಕೊಳೆತಿರಿ. ಆಮೇಲೆ ಸಂಸತ್ತಿನ ಕೆಲಸ ಹಿಡಿದಿರಿ, ಕ್ರಾಮ್‌ವೆಲ್ ಅವರ ನಂಬಿಕೆಯ ಸೇನಾಪತಿಯಾದಿರಿ. ಯುದ್ಧ ನಡೆದ ನಾಡಿನಲ್ಲಿ ಬದುಕಿದವರಿಗೆ ಹೀಗೆ ಆಗುತ್ತದೆ, ದೂರ ಕೂತು ತೀರ್ಪು ಹೇಳಬಾರದು. ನನ್ನ ಮನಸ್ಸನ್ನು ಕಲಕುವುದು ನೀವು ಎರಡೂ ಕಡೆ ಇದ್ದದ್ದಲ್ಲ. ಜೊತೆಗಿದ್ದವರಿಗೆ ಆಮೇಲೆ ಆದದ್ದು.

1660ರ ಅಕ್ಟೋಬರ್‌ನಲ್ಲಿ ಹಿಂದಿನ ದೊರೆಯ ಕೊಲೆಗಾಗಿ ಓಲ್ಡ್ ಬೈಲಿಯಲ್ಲಿ ವಿಚಾರಣೆ ನಡೆಯಿತು. ವಿಚಾರಣೆಯ ಆಯೋಗದಲ್ಲಿ ನಿಮ್ಮ ಹೆಸರೂ ಇತ್ತು. ಒಂದೇ ವಾರದಲ್ಲಿ ಹತ್ತು ಜನರನ್ನು ಕೊಂದರು, ಹೆಚ್ಚಿನವರನ್ನು ಚಾರಿಂಗ್ ಕ್ರಾಸ್‌ನಲ್ಲಿ, ನೆರೆದ ಜನರ ಮುಂದೆ. ಅವರಲ್ಲಿ ಒಬ್ಬರು ಥಾಮಸ್ ಸ್ಕಾಟ್. ಅದೇ ವರ್ಷ ಜನವರಿಯಲ್ಲಿ ನೀವು ದಕ್ಷಿಣಕ್ಕೆ ಬರುವಾಗ ಸಂಸತ್ತಿನ ಪರವಾಗಿ ನಿಮ್ಮನ್ನು ಎದುರುಗೊಂಡು ಜೊತೆಗೆ ಪಯಣಿಸಿದವರು. ನೀವು ಹೆಚ್ಚು ತಲೆಗಳು ಉರುಳಬಾರದು ಎಂದಿದ್ದಿರಿ, ಅದು ದಾಖಲಾಗಿದೆ. ಗಣರಾಜ್ಯವಾದಿ ನಾಯಕ ಹೇಸಲ್ರಿಗ್ ಅವರ ಜೀವ ಉಳಿಸುವ ಮಾತು ಕೊಟ್ಟಿದ್ದಿರಿ, ಅವರು ನೇಣಿನಿಂದ ತಪ್ಪಿಸಿಕೊಂಡು ಗೋಪುರದ ಜೈಲಿನಲ್ಲೇ ತೀರಿಕೊಂಡರು. ನಿಮ್ಮಲ್ಲಿ ದಯೆ ಇತ್ತು. ಆದರೆ ಒಬ್ಬ ಮನುಷ್ಯನ ದಯೆ ಕಾಗದದ ಮೇಲಿನ ಷರತ್ತಿನಂತಲ್ಲ, ಅದು ಅವನ ಕೈ ಎಷ್ಟು ದೂರ ಚಾಚುತ್ತದೋ ಅಷ್ಟೇ ದೂರ. ಗಣರಾಜ್ಯದ ಇನ್ನೊಬ್ಬ ನಾಯಕ ಸರ್ ಹೆನ್ರಿ ವೇನ್ ಅವರ ತಲೆ ಉಳಿಸಬೇಕೆಂದು 1660ರ ಸಂಸತ್ತು ಕೇಳಿತ್ತು, ದೊರೆ ಹೂಂ ಅಂದಿದ್ದರು. ಮುಂದಿನ ಸಂಸತ್ತು ಬಂತು, 1662ರ ಜೂನ್ 14ರಂದು ವೇನ್ ಅವರ ತಲೆ ಹೋಯಿತು.

ಸತ್ತವರ ವಿಷಯ ಬರೆಯುವಾಗ ಕೈ ನಡುಗುತ್ತದೆ. 1653ರ ಜೂನ್‌ನಲ್ಲಿ ಡಚ್ಚರ ಮೇಲಿನ ಗ್ಯಾಬರ್ಡ್ ಕದನದಲ್ಲಿ ‘ರೆಸಲ್ಯೂಷನ್’ ಹಡಗಿನ ಮೇಲೆ ನೀವೂ ರಿಚರ್ಡ್ ಡೀನ್ ಅವರೂ ಒಟ್ಟಿಗೆ ನಿಂತಿದ್ದಿರಿ, ಇಬ್ಬರೂ ಸಮಾನ ದರ್ಜೆಯ ನೌಕಾ ಸೇನಾಪತಿಗಳು. ಕದನ ಶುರುವಾಗುತ್ತಿದ್ದಂತೆ ಫಿರಂಗಿ ಗುಂಡೊಂದು ಡೀನ್ ಅವರಿಗೆ ಬಡಿಯಿತು, ನಿಮ್ಮ ಪಕ್ಕದಲ್ಲೇ ಬಿದ್ದರು. ನಾವಿಕರು ನೋಡಿ ಎದೆಗುಂದಬಾರದೆಂದು ನೀವು ಹೊದ್ದ ನಿಲುವಂಗಿಯನ್ನು ತೆಗೆದು ಅವರ ಮೇಲೆ ಹೊದಿಸಿ ಕಾದಾಟ ನಡೆಸಿದಿರಿ. ಡೀನ್ ಅವರನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಏಳನೇ ಹೆನ್ರಿಯ ಪ್ರಾರ್ಥನಾ ಮಂದಿರದಲ್ಲಿ ಹೂಳಿದರು. 1657ರಲ್ಲಿ ನಿಮ್ಮ ಇನ್ನೊಬ್ಬ ಜೊತೆಗಾರ, ನೌಕಾಪಡೆಯನ್ನು ಕಟ್ಟಿದ ರಾಬರ್ಟ್ ಬ್ಲೇಕ್ ಅವರನ್ನೂ ಅಲ್ಲೇ ಹೂಳಿದರು. 1661ರ ಸೆಪ್ಟೆಂಬರ್‌ನಲ್ಲಿ ದೊರೆಯ ಆಜ್ಞೆಯಂತೆ ಅವರಿಬ್ಬರ ದೇಹಗಳನ್ನೂ ಇತರ ಹಲವರ ದೇಹಗಳನ್ನೂ ಅಗೆದು ತೆಗೆದು ಪಕ್ಕದ ಸೇಂಟ್ ಮಾರ್ಗರೆಟ್ ಚರ್ಚಿನ ಅಂಗಳದಲ್ಲಿ ಒಂದು ಗುಂಡಿಗೆ ಹಾಕಿದರು. ಅದಕ್ಕೂ ಮುಂಚೆ, ಜನವರಿ 30ರಂದು, ಹಿಂದಿನ ದೊರೆಯ ಮರಣದಂಡನೆಗೆ ಸಹಿ ಹಾಕಿದ್ದ ಕ್ರಾಮ್‌ವೆಲ್, ಐರ್‌ಟನ್, ಬ್ರ್ಯಾಡ್‌ಷಾ ಅವರ ಹೆಣಗಳನ್ನು ಟೈಬರ್ನ್‌ನಲ್ಲಿ ನೇತುಹಾಕಿದ್ದರು. ಬ್ಲೇಕ್ ದೊರೆಯ ಮರಣದಂಡನೆಗೆ ಸಹಿ ಹಾಕಿದವರೂ ಅಲ್ಲ. 1670ರ ಜನವರಿಯಲ್ಲಿ ನೀವು ತೀರಿಕೊಂಡಾಗ ನಿಮ್ಮನ್ನು ಹೂಳಿದ್ದು ಏಳನೇ ಹೆನ್ರಿಯ ಅದೇ ಮಂದಿರದಲ್ಲಿ.

ಅದಕ್ಕಿಂತಲೂ ನೋಯಿಸುವ ವಿಷಯ ಸ್ಕಾಟ್ಲೆಂಡಿನದು. ಆರ್ಗೈಲ್‌ನ ಮಾರ್ಕ್ವಿಸ್ ಆರ್ಚಿಬಾಲ್ಡ್ ಕ್ಯಾಂಬೆಲ್ 1651ರ ಜನವರಿ 1ರಂದು ಸ್ಕೋನ್‌ನಲ್ಲಿ ತಮ್ಮ ಕೈಯಾರೆ ಚಾರ್ಲ್ಸ್ ಅವರ ತಲೆಗೆ ಸ್ಕಾಟ್ಲೆಂಡಿನ ಕಿರೀಟ ಇಟ್ಟವರು. 1660ರ ಜುಲೈನಲ್ಲಿ ಅವರು ದೊರೆಗೆ ನಮಸ್ಕಾರ ಹೇಳಲು ಲಂಡನ್ನಿಗೆ ಬಂದರು, ಬಂದವರನ್ನು ಹಿಡಿದು ಜೈಲಿಗೆ ಹಾಕಿದರು. ಎಡಿನ್‌ಬರೋದಲ್ಲಿ ರಾಜದ್ರೋಹದ ವಿಚಾರಣೆ ನಡೆದಾಗ ಸಾಕ್ಷ್ಯ ಗಟ್ಟಿಯಿರಲಿಲ್ಲ. ವಾದವೆಲ್ಲ ಮುಗಿದ ಮೇಲೆ ಲಂಡನ್ನಿನಿಂದ ಒಂದು ಕಟ್ಟು ಬಂತು. ನೀವು ಕ್ರಾಮ್‌ವೆಲ್ ಪರವಾಗಿ ಸ್ಕಾಟ್ಲೆಂಡನ್ನು ಆಳುತ್ತಿದ್ದಾಗ, ನಿಮಗೆ ಸಹಕರಿಸುತ್ತ ಆರ್ಗೈಲ್ ಬರೆದ ಪತ್ರಗಳು ಅದರಲ್ಲಿದ್ದವು. ಕೊಟ್ಟವರು ನೀವು. ಆಮೇಲೆ ಹೆಚ್ಚು ಮಾತು ಬೇಕಾಗಲಿಲ್ಲ. 1661ರ ಮೇ 27ರಂದು ಅವರ ತಲೆ ಕಡಿದರು. ಪತ್ರ ಬರೆದವನು ದ್ರೋಹಿಯಾದರೆ, ಆ ಪತ್ರಗಳನ್ನು ಕೇಳಿ ತರಿಸಿಕೊಂಡ ಅಧಿಕಾರಿ ಏನಾಗಬೇಕು? ಆ ನ್ಯಾಯಾಲಯದಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. ಜನರಲ್ ಅವರೇ, ಈ ಪತ್ರಗಳನ್ನು ನೀವು ಯಾಕೆ ಇಟ್ಟುಕೊಂಡಿದ್ದಿರಿ ಎಂದು ನನಗೆ ಅರ್ಥವಾಗುತ್ತದೆ, ಯಾಕೆ ಕೊಟ್ಟಿರಿ ಎಂದು ಅರ್ಥವಾಗುವುದಿಲ್ಲ.

ಧರ್ಮದ ಮಾತಿಗೆ ಬರೋಣ. ಬ್ರೆಡಾದಲ್ಲಿ ಕೊಟ್ಟ ಮನಸ್ಸಾಕ್ಷಿಯ ಸ್ವಾತಂತ್ರ್ಯಕ್ಕೆ ಕಾಯ್ದೆ ತರಬೇಕಾದ ಸಂಸತ್ತು ಅದಕ್ಕೆ ಉಲ್ಟಾ ಕಾಯ್ದೆಗಳನ್ನೇ ತಂದಿತು. 1662ರ ಏಕರೂಪತೆಯ ಕಾಯ್ದೆ ಬಂದಾಗ, ಅದಕ್ಕಿಂತ ಹಿಂದೆ ಹೋದವರನ್ನೂ ಸೇರಿಸಿ, ಸುಮಾರು 2,000 ಪಾದ್ರಿಗಳು ಕೆಲಸ ಕಳೆದುಕೊಂಡರು. 1664ರಲ್ಲಿ ಮನೆಯವರಲ್ಲದೆ ಐದಕ್ಕಿಂತ ಹೆಚ್ಚು ಜನ ಸೇರಿ ತಮ್ಮ ರೀತಿಯಲ್ಲಿ ಪ್ರಾರ್ಥಿಸುವುದೇ ಅಪರಾಧವಾಯಿತು. ಬೆಡ್‌ಫರ್ಡ್ ಬಳಿಯ ಪಾತ್ರೆ ರಿಪೇರಿಯವರು ಜಾನ್ ಬನ್ಯನ್ ಅನುಮತಿಯಿಲ್ಲದೆ ಬೋಧಿಸಿದರೆಂದು 1660ರ ನವೆಂಬರ್‌ನಲ್ಲಿ ಜೈಲು ಸೇರಿದವರು ಹನ್ನೆರಡು ವರ್ಷ ಅಲ್ಲಿದ್ದರು. ಬಿಡುಗಡೆಯಾದ ಮೇಲೆ ಅವರು ಅಚ್ಚು ಹಾಕಿಸಿದ ಯಾತ್ರಿಕನ ಕಥೆಯನ್ನು ಹತ್ತೊಂಬತ್ತನೇ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದರು. ನಿಮ್ಮ ದೊರೆಯ ಜೈಲಿನಲ್ಲಿದ್ದವರನ್ನು ನಾವು ಕನ್ನಡದಲ್ಲಿ ಓದಿದ್ದೇವೆ, ಹಾಗಾಗಿ ಆ ಹನ್ನೆರಡು ವರ್ಷದ ಬಗ್ಗೆ ಮಾತಾಡುವ ಹಕ್ಕು ನಮಗೂ ಇದೆ.

ಷರತ್ತು ಹಾಕಿದ್ದರೆ ಇದೆಲ್ಲ ತಪ್ಪುತ್ತಿತ್ತೇ ಎಂದು ನೀವು ಕೇಳಬಹುದು. ಎಲ್ಲವೂ ತಪ್ಪುತ್ತಿರಲಿಲ್ಲ. ಪಾದ್ರಿಗಳನ್ನು ಹೊರಹಾಕಿದ್ದು ದೊರೆಗಿಂತ ಹೆಚ್ಚಾಗಿ ಸಂಸತ್ತಿನ ಹಗೆ. 1641ರಲ್ಲಿ ಹಿಂದಿನ ದೊರೆ ಸಹಿ ಹಾಕಿದ ಕಾಯ್ದೆಗಳು ಉಳಿದವು, ಅವು ರದ್ದು ಮಾಡಿದ್ದ ಸ್ಟಾರ್ ಚೇಂಬರ್ ನ್ಯಾಯಾಲಯ ಮರಳಲಿಲ್ಲ, ಹಡಗು ತೆರಿಗೆ ಮರಳಲಿಲ್ಲ. ಸೈನಿಕರ ಬಾಕಿಯ ಮಾತನ್ನು ಉಳಿಸಿಕೊಂಡರು. ಅಷ್ಟು ದೊಡ್ಡ ಸೇನೆ ಸಂಬಳ ಎಣಿಸಿಕೊಂಡು ಗಲಾಟೆಯಿಲ್ಲದೆ ಮನೆಗೆ ಹೋದದ್ದು ಒಂದು ಅದ್ಭುತ, ಅದರಲ್ಲಿ ನಿಮ್ಮ ಪಾಲು ದೊಡ್ಡದು. ಆದರೆ ಹೇಲ್ ಬೆರಳಿಟ್ಟು ತೋರಿಸಿದ ಜಾಗಗಳನ್ನೇ ನೋಡಿ. 1661ರಲ್ಲಿ ಸೈನ್ಯದ ಅಧಿಕಾರ ದೊರೆಯೊಬ್ಬರದೇ ಎಂದು ಕಾಯ್ದೆಯಾಯಿತು. ಮೂರು ವರ್ಷಕ್ಕೊಮ್ಮೆ ಸಂಸತ್ತು ಸೇರಲೇಬೇಕೆಂಬ ಹಳೆಯ ಕಾಯ್ದೆಯ ಹಲ್ಲುಗಳನ್ನು 1664ರಲ್ಲಿ ಕಿತ್ತರು. ದೊರೆ ಸೇರಿಸದಿದ್ದರೆ ತಾನಾಗಿಯೇ ಸೇರುವ ಏರ್ಪಾಡು ಹೋಯಿತು. 1681ರ ಮಾರ್ಚ್‌ನಲ್ಲಿ ಆಕ್ಸ್‌ಫರ್ಡಿನ ಸಂಸತ್ತನ್ನು ಕಳಿಸಿದ ಚಾರ್ಲ್ಸ್ 1685ರ ಫೆಬ್ರವರಿಯಲ್ಲಿ ಸಾಯುವ ತನಕ ಇನ್ನೊಂದನ್ನು ಕರೆಯಲಿಲ್ಲ. ನೀವು ತೀರಿಕೊಂಡ ಕೆಲವೇ ತಿಂಗಳಲ್ಲಿ ಅವರು ಫ್ರಾನ್ಸಿನ ಹದಿನಾಲ್ಕನೇ ಲೂಯಿ ಜೊತೆ ಡೋವರ್‌ನಲ್ಲಿ ಗುಟ್ಟಿನ ಒಪ್ಪಂದ ಮಾಡಿಕೊಂಡು, ಸಂಸತ್ತಿಗೆ ತಿಳಿಯದಂತೆ ಫ್ರೆಂಚ್ ಹಣ ಪಡೆದರು. ದೊರೆ ಬೊಕ್ಕಸ ತರುವುದಿಲ್ಲ ಎಂದಿದ್ದಿರಿ. ಅವರು ಬೇರೆ ಬೊಕ್ಕಸ ಕಂಡುಕೊಂಡರು.

ನಮ್ಮ ನಾಡಿನಿಂದ ಇದನ್ನು ಓದುವಾಗ ಇನ್ನೊಂದು ವಿಷಯ ಎದುರು ಬರುತ್ತದೆ. ಮರಳಿ ಬಂದ ದೊರೆ 1661ರ ಏಪ್ರಿಲ್ 3ರ ಸನ್ನದಿನಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಕ್ರೈಸ್ತರಲ್ಲದ ಅರಸರ ಜೊತೆ ಯುದ್ಧ ಹೂಡುವ, ಸಂಧಿ ಮಾಡುವ ಅಧಿಕಾರ ಕೊಟ್ಟರು. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರಿನ್ ಜೊತೆ ವರದಕ್ಷಿಣೆಯಾಗಿ ಬಂದ ಬೊಂಬಾಯಿಯನ್ನು 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಅದೇ ಕಂಪನಿಗೆ ಕೊಟ್ಟರು. ಆ ಕಂಪನಿ 1799ರಲ್ಲಿ ಶ್ರೀರಂಗಪಟ್ಟಣ ಗೆದ್ದು ನಮ್ಮಲ್ಲೂ ಒಂದು ರಾಜಮನೆತನವನ್ನು ಪಟ್ಟಕ್ಕೆ ಮರಳಿಸಿತು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರು ಸಿಕ್ಕಿತು. ಅಲ್ಲಿ ಷರತ್ತುಗಳಿಗೆ ಕೊರತೆಯಿರಲಿಲ್ಲ. ವರ್ಷಕ್ಕೆ ಏಳು ಲಕ್ಷ ಪಗೋಡ ಕಟ್ಟಬೇಕು, ಆಡಳಿತ ಕೆಟ್ಟಿತು ಎಂದು ಕಂಪನಿಗೆ ತೋರಿದರೆ ಅದು ರಾಜ್ಯವನ್ನು ಕೈಗೆತ್ತಿಕೊಳ್ಳಬಹುದು. 1831ರಲ್ಲಿ ಹಾಗೆಯೇ ಕೈಗೆತ್ತಿಕೊಂಡರು, 1881ರವರೆಗೆ ಬಿಡಲಿಲ್ಲ. ಹಾಗಾಗಿ ಷರತ್ತು ಇದ್ದರೆ ಸಾಕು ಎಂದು ನಾನು ಹೇಳಲಾರೆ. ಯಾರು ಬರೆದರು, ಯಾರ ಪರವಾಗಿ ಬರೆದರು ಎಂಬುದು ಮುಖ್ಯ. ಮೈಸೂರಿನ ರೈತನನ್ನು ಕಂಪನಿ ಒಂದು ಮಾತು ಕೇಳಲಿಲ್ಲ. ನಿಮ್ಮಲ್ಲಿ ಜನ ಆರಿಸಿ ಕಳಿಸಿದ ಸಭೆಯೊಂದು ಕೂತಿತ್ತು, ಅದರಲ್ಲಿ ಒಬ್ಬ ನ್ಯಾಯವಂತ ಎದ್ದು ಬರೆಯೋಣ ಎಂದ. ನಮ್ಮವರಿಗೆ ಎಂದೂ ಸಿಗದ ಆ ಅವಕಾಶ ನಿಮ್ಮ ಕೈಗೆ ಸಿಕ್ಕಿತ್ತು. ಅದಕ್ಕೇ ನನ್ನ ಹೊಟ್ಟೆ ಉರಿಯುತ್ತದೆ.

ನಿಮ್ಮನ್ನು ಕೆಟ್ಟವರೆಂದು ನಾನು ಬಗೆದಿಲ್ಲ. 1665ರಲ್ಲಿ ಲಂಡನ್ನಿಗೆ ಪ್ಲೇಗ್ ಬಂತು, ಸಾವಿನ ಪಟ್ಟಿಗಳ ಪ್ರಕಾರವೇ ಆ ವರ್ಷ 68,000ಕ್ಕೂ ಹೆಚ್ಚು ಜನ ಸತ್ತರು. ದೊರೆ, ಆಸ್ಥಾನ, ಸಿರಿವಂತರೆಲ್ಲ ಊರು ಬಿಟ್ಟರು. ನೀವು ವೈಟ್‌ಹಾಲ್‌ನಲ್ಲೇ ಉಳಿದು ಆಡಳಿತ ನಡೆಸಿದಿರಿ. ಆ ಧೈರ್ಯಕ್ಕೆ ತಲೆಬಾಗುತ್ತೇನೆ. 1667ರ ಜೂನ್‌ನಲ್ಲಿ ಡಚ್ ಹಡಗುಗಳು ಮೆಡ್‌ವೇ ನದಿಯೊಳಗೆ ನುಗ್ಗಿದಾಗ ಚ್ಯಾಟಮ್‌ಗೆ ಓಡಿ ಹೋಗಿ ತಡೆಯಲು ಒದ್ದಾಡಿದವರೂ ನೀವೇ. ಹಣ ಉಳಿಸಲೆಂದು ದೊಡ್ಡ ಹಡಗುಗಳನ್ನು ಕೆಲಸಕ್ಕಿಳಿಸಿರಲಿಲ್ಲ. ನಾವಿಕರಿಗೆ ಸಂಬಳದ ಬದಲು ಚೀಟಿ ಕೊಟ್ಟಿದ್ದರು. ಡಚ್ ಹಡಗುಗಳ ಮೇಲಿಂದ ಇಂಗ್ಲಿಷ್ ನಾವಿಕರೇ, ಈಗ ನಮಗೆ ದುಡ್ಡು ಸಿಗುತ್ತದೆ ಎಂದು ಕೂಗುತ್ತಿದ್ದರು ಎಂದು ಪೆಪಿಸ್ ಬರೆದಿಟ್ಟಿದ್ದಾರೆ. ಜೂನ್ 12ರಂದು ‘ರಾಯಲ್ ಚಾರ್ಲ್ಸ್’ ಹಡಗನ್ನು ಡಚ್ಚರು ಎಳೆದುಕೊಂಡು ಹೋದರು. ಅದರ ಹಿಂಭಾಗದ ಕೆತ್ತನೆ ಇಂದಿಗೂ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಲೆಕ್ಕ ಕೇಳಲು ಯಾರಿಗೂ ಗಟ್ಟಿ ಅಧಿಕಾರವಿಲ್ಲದ ಆಡಳಿತದಲ್ಲಿ ಕೊನೆಗೆ ಬಡಿಸಿಕೊಳ್ಳುವವರು ನಾವಿಕರು, ಮತ್ತು ಅವರ ಮುಂದೆ ನಿಲ್ಲುವ ನಿಮ್ಮಂಥ ಮುದುಕ ಸೇನಾಪತಿಗಳು. ಅದನ್ನು ನೀವು ಕಣ್ಣಾರೆ ಕಂಡಿರಿ.

ಚಾರ್ಲ್ಸ್ ನಂತರ ತಮ್ಮ ಜೇಮ್ಸ್ ಬಂದರು, ಮೂರೂ ಮುಕ್ಕಾಲು ವರ್ಷ ಆಳಿ 1688ರ ಡಿಸೆಂಬರ್‌ನಲ್ಲಿ ಫ್ರಾನ್ಸಿಗೆ ಓಡಿಹೋದರು. ಸಿಂಹಾಸನ ಮತ್ತೆ ಖಾಲಿಯಾಯಿತು, 1660ರ ಹಾಗೆ ದೊರೆಯ ಕರೆಯಿಲ್ಲದೆ ಮತ್ತೊಂದು ಸಂಸತ್ತು, ಕನ್ವೆನ್ಷನ್, ಸೇರಿತು. ಆ ಸಲ ಯಾವ ಸೇನಾಪತಿಯೂ ಎದ್ದು ಬೇಡ ಎನ್ನಲಿಲ್ಲ. 1689ರ ಫೆಬ್ರವರಿ 13ರಂದು ವೈಟ್‌ಹಾಲ್‌ನ ಬ್ಯಾಂಕ್ವೆಟಿಂಗ್ ಹೌಸ್‌ನಲ್ಲಿ ಹೊಸ ದೊರೆಗಳಾಗಲಿದ್ದ ವಿಲಿಯಂ ಮತ್ತು ಮೇರಿ ಅವರ ಮುಂದೆ ಒಬ್ಬ ಗುಮಾಸ್ತ ಒಂದು ಕಾಗದವನ್ನು ಗಟ್ಟಿಯಾಗಿ ಓದಿದ. ದೊರೆ ತನ್ನಿಷ್ಟಕ್ಕೆ ಕಾಯ್ದೆಗಳನ್ನು ತಡೆಹಿಡಿಯುವಂತಿಲ್ಲ, ಸಂಸತ್ತಿನ ಒಪ್ಪಿಗೆಯಿಲ್ಲದೆ ಹಣ ಎತ್ತುವಂತಿಲ್ಲ, ಶಾಂತಿಯ ಕಾಲದಲ್ಲಿ ಅದರ ಒಪ್ಪಿಗೆಯಿಲ್ಲದೆ ಸೇನೆ ಇಟ್ಟುಕೊಳ್ಳುವಂತಿಲ್ಲ, ಸಂಸತ್ತು ಪದೇ ಪದೇ ಸೇರತಕ್ಕದ್ದು. ಓದಿ ಮುಗಿದ ಮೇಲೆ ಕಿರೀಟ ಕೊಟ್ಟರು. ಹೇಲ್ ಅವರು ಅದನ್ನು ನೋಡಲು ಉಳಿದಿರಲಿಲ್ಲ, 1676ರಲ್ಲೇ ಹೋಗಿದ್ದರು. 1660ರ ವಸಂತದಲ್ಲಿ ಅವರು ಕೇಳಿದ್ದು ಇಂಥ ಒಂದು ಕಾಗದವನ್ನು ಬರೆಯಲು ಒಂದು ಸಮಿತಿ, ಕೆಲವು ದಿನಗಳ ಸಮಯ.

ಆ ದಿನ ಸಭೆಯಲ್ಲಿ ನೀವು ಹೇಳಿದ ಕಾರಣ ಸೇನೆಯ ಭಯ. ಆ ಸೇನೆ ನಿಮ್ಮದೇ, ಅದರ ಸಂಬಳ, ಬದಲಾವಣೆ, ಬಡ್ತಿ ಎಲ್ಲ ನಿಮ್ಮ ಕೈಯಲ್ಲಿದ್ದವು. ಹಾಗಾದರೆ ನಿಜವಾಗಿ ಯಾರಿಗೆ ಹೆದರಿದಿರಿ? ಮಾರ್ಚ್‌ನಲ್ಲಿ ಗ್ರೆನ್‌ವಿಲ್ ಅವರಿಗೆ ಬಾಯಿಪಾಠ ಮಾಡಿಸಿದ ಮಾತುಗಳನ್ನೇ ಮೇ ತಿಂಗಳಲ್ಲಿ ಸಂಸತ್ತಿನ ಕಾಗದದ ಮೇಲೆ ಬರೆಯಲು ನಿಮಗೆ ಏನು ಅಡ್ಡಿಯಿತ್ತು? ಬ್ಲೇಕ್ ಮತ್ತು ಡೀನ್ ಅವರ ಪರವಾಗಿ, ಆರ್ಗೈಲ್ ಪರವಾಗಿ, ಬೆಡ್‌ಫರ್ಡಿನ ಜೈಲಿನಲ್ಲಿದ್ದವರ ಪರವಾಗಿ, ಸಂಬಳದ ಚೀಟಿ ಹಿಡಿದ ಆ ನಾವಿಕರ ಪರವಾಗಿ ಇದಕ್ಕೆ ಉತ್ತರ ಕೇಳುತ್ತಿದ್ದೇನೆ.

ಗೌರವಪೂರ್ವಕವಾಗಿ,
ಕನ್ನಡದ ಒಬ್ಬ ಓದುಗ